ಚಿಗವ್ವ ಮರಿ ಕೂಡಿಸಿದ ಸಂಜೆ

ಇಪ್ಪತ್ತಾರು ಕುರಿಮರಿಗಳು ಹಸಿದು ಒಟ್ಟಿಗೆ ಅರಚಿದರೆ ಊರಿನ ಯಾವ ಮೈಕೂ ಅದರ ಮುಂದೆ ನಿಲ್ಲುವುದಿಲ್ಲ. ಈ ಸಲದ ದೀಪಾವಳಿ ಕಳೆದ ಎಂಟನೆಯ ದಿನ ನಮ್ಮ ಕುರಿ ಕೂಡುವ ರೊಪ್ಪದಲ್ಲಿ ಆ ಸದ್ದು ಎದ್ದಿತ್ತು. ಎಬ್ಬಿಸಿದವನು ನಾನು. ಅಡಗಿಸಿದವಳು ನಮ್ಮ ಚಿಗವ್ವ ಗಿಡ್ಡಮ್ಮ. ಆಕೆಯ ವಿಷಯ ಬರೆಯೋಣವೆಂದು ಕೂತಿದ್ದೇನೆ. ನಡುನಡುವೆ ನಾನು ಕೂಗಾಡಿದ್ದು ಬರುತ್ತದೆ, ಅದನ್ನು ಬಿಟ್ಟರೆ ಕಥೆಯೇ ನಿಲ್ಲುವುದಿಲ್ಲ.

ಚಿಗವ್ವ ಎಂದರೆ ನಮ್ಮಪ್ಪನ ತಮ್ಮನ ಹೆಂಡತಿ. ಹೆಸರು ಗಿಡ್ಡಮ್ಮ, ಆಳು ಮಾತ್ರ ನಮ್ಮ ಬಾಗಿಲಿಗೆ ತಲೆ ತಗ್ಗಿಸದೆ ಒಳಗೆ ಬರುವಂತಿಲ್ಲ. ಅರವತ್ತು ದಾಟಿದ್ದರೂ ಬೆನ್ನು ನೆಟ್ಟಗಿದೆ. ಕೂಡ್ಲಿಗಿ ಕಡೆಯ ಹಳ್ಳಿಯಿಂದ ನಮ್ಮ ಮನೆಗೆ ಸೊಸೆಯಾಗಿ ಬರುವಾಗ ತವರಿನಿಂದ ಎರಡು ಕುರಿ ಹೊಡೆದುಕೊಂಡು ಬಂದಿದ್ದಳಂತೆ. ಇವತ್ತು ರೊಪ್ಪದಲ್ಲಿರುವ ಅರ್ಧ ಕುರಿಗಳು ಆ ಎರಡರ ಮೊಮ್ಮಕ್ಕಳು, ಮರಿಮಕ್ಕಳು ಎಂದು ಆಕೆಯ ವಾದ. ಯಾವುದು ಯಾರ ಮೊಮ್ಮಗಳು ಎಂದು ಕೇಳಿದರೆ ಬೆರಳು ಮಡಿಸಿ ಹೇಳಿಯೂ ಬಿಡುತ್ತಾಳೆ.

ಕಕ್ಕ ತೀರಿಹೋಗಿ ಒಂಬತ್ತು ವರ್ಷವಾಯಿತು. ಚಿಗವ್ವ ಮತ್ತು ಆಕೆಯ ಮಗ ಹುಲುಗೇಶ ಆ ಕಡೆಯ ಮನೆ, ನಾನು ಮತ್ತು ನನ್ನ ಹೆಂಡತಿ ಗಾಳೆಮ್ಮ ಈ ಕಡೆಯ ಮನೆ. ಒಲೆ ಎರಡು, ರೊಪ್ಪ ಒಂದೇ. ಏಳು ಎಕರೆ ಹೊಲ, ಒಂದು ಜೊತೆ ಎತ್ತು, ಒಂದು ಎಮ್ಮೆ, ನಲವತ್ತು ಕುರಿ, ಆರು ಕೋಳಿ. ಹೊಲ ಮತ್ತು ಎತ್ತು ನನ್ನ ಪಾಲಿಗೆ, ಎಮ್ಮೆ ಗಾಳೆಮ್ಮನಿಗೆ, ಕುರಿ ಮೇಯಿಸುವುದು ಹುಲುಗೇಶನಿಗೆ. ಮರಿಗಳು ಚಿಗವ್ವನವು. ಅದನ್ನು ಯಾರೂ ಕೂತು ಹಂಚಲಿಲ್ಲ, ಹಾಗೆ ಆಗಿಬಂದಿತ್ತು.

ಬೆಳಗ್ಗೆ ಐದಕ್ಕೆ ನಮ್ಮಲ್ಲಿ ಮೊದಲು ಏಳುವುದು ಎಮ್ಮೆ. ಅದು ಕೂಗಿದ ಮೇಲೆ ಗಾಳೆಮ್ಮ, ಗಾಳೆಮ್ಮ ಕೂಗಿದ ಮೇಲೆ ನಾನು. ಎತ್ತುಗಳಿಗೆ ಸೊಪ್ಪೆ ಹಾಕಿ, ಸಗಣಿ ಬಾಚಿ ನಾನು ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ಚಿಗವ್ವ ರೊಪ್ಪದೊಳಗಿನ ಬಂಡೆಯ ಮೇಲೆ ಕೂತುಬಿಟ್ಟಿರುತ್ತಾಳೆ. ಮಡಿಲಲ್ಲಿ ಒಂದು ಮರಿ. ಕಿವಿಯೊಳಗೆ, ಕಂಕುಳಲ್ಲಿ, ಬಾಲದ ಬುಡದಲ್ಲಿ ಬೆರಳಾಡಿಸಿ ರಕ್ತ ಕುಡಿಯುವ ಉಣ್ಣಿಗಳನ್ನು ಒಂದೊಂದಾಗಿ ಕೀಳುತ್ತಾಳೆ. ಕಿತ್ತದ್ದನ್ನು ನೋಡದೆ ಹಿಂದಕ್ಕೆ ಎಸೆಯುತ್ತಾಳೆ. ಅಲ್ಲಿ ಆರು ಕೋಳಿಗಳು ಪಡಿತರ ಅಂಗಡಿಯ ಮುಂದೆ ನಿಂತ ಹಾಗೆ ಸಾಲಾಗಿ ನಿಂತಿರುತ್ತವೆ. ಒಂದು ಉಣ್ಣಿಯೂ ನೆಲ ಮುಟ್ಟುವುದಿಲ್ಲ!

ಸಂಜೆಯ ಆಟ ಇನ್ನೂ ದೊಡ್ಡದು. ಮರಿಗಳನ್ನು ಹಗಲೆಲ್ಲ ಬಿದಿರು ತಡಿಕೆ ಕಟ್ಟಿದ ಗೂಡಿನೊಳಗೆ ಬಿಟ್ಟು ತಾಯಿಗಳು ಮೇಯಲು ಹೋಗಿರುತ್ತವೆ. ಐದರ ಹೊತ್ತಿಗೆ ಕೆರೆ ಏರಿಯ ಮೇಲೆ ಧೂಳು ಕಂಡರೆ ಸಾಕು, ಒಳಗಿನ ಮರಿಗಳು ಒಂದರ ಮೇಲೊಂದು ಹತ್ತುತ್ತವೆ. ಹೊರಗೆ ತಾಯಿಗಳು ಕೆಚ್ಚಲು ಬಿಗಿದು ಓಡೋಡಿ ಬರುತ್ತವೆ. ಚಿಗವ್ವ ತಡಿಕೆಯನ್ನು ಒಂದು ಗೇಣು ಸರಿಸಿ ನಿಲ್ಲುತ್ತಾಳೆ. ಕೈಯಲ್ಲಿ ಮೈಲಾರಕ್ಕೆ ಹೋದಾಗ ತಂದ ಕೋಲು.

“ಬಾರೇ ಕರಿಮೂಗಿ, ನಿನ್ನ ಮಗ ಕಾದಾನ... ಏ ಚುಕ್ಕಿ, ನಿಂದಿನ್ನೂ ಹಿಂದೈತಿ, ಸರಿ ಅತ್ತಾಗ!”

ಹೀಗೆ ತಾಯಿಯ ಹೆಸರು ಕೂಗಿ ಒಂದೇ ಮರಿ ಬಿಡುವುದು, ಅದು ಬಾಲ ಕುಣಿಸಿ ಕುಡಿಯುವುದನ್ನು ನೋಡುವುದು, ಆಮೇಲೆ ಇನ್ನೊಂದು. ಒಂದು ತಾಸು ಬೇಕು. ಆ ಒಂದು ತಾಸು ಹುಲುಗೇಶ ಆಕೆಯ ಪಕ್ಕ ಕಂಬದ ಹಾಗೆ ನಿಂತಿರಬೇಕು.

ಜಗಳ ಆದದ್ದು ಅದಕ್ಕೇ. ದೀಪಾವಳಿಗೆ ಮೂರು ದಿನ ಮುಂಚೆ ರೊಪ್ಪದ ಪಕ್ಕದ ಕಣದಲ್ಲಿ ನಮ್ಮ ಮೆಕ್ಕೆಜೋಳದ ರಾಶಿಗೆ ಬೀರಲಿಂಗೇಶನ ಒಕ್ಕಣೆ ಮಿಷನ್ ಬಂದಿತ್ತು. ಪಕ್ಕದ ಓಣಿಯವನೇ, ಆದರೆ ಸುಗ್ಗಿಯಲ್ಲಿ ಅವನು ಸಿಗುವುದು ಕಷ್ಟ. ಮೋಡ ಬೇರೆ ಕಟ್ಟಿತ್ತು. ತೆನೆ ಹಾಕಲು ಕೈ ಸಾಲದೆ ನಾನು ಹುಲುಗೇಶನನ್ನು ಕೂಗಿದೆ. ಒಮ್ಮೆ ಕೂಗಿದೆ, ಎರಡು ಸಲ ಕೂಗಿದೆ. “ಅವ್ವ ಮರಿ ಬಿಡಾಕತ್ಯಾಳಣ್ಣ, ಬಂದೆ” ಎನ್ನುತ್ತಾನೆಯೇ ಹೊರತು ಬರುವುದಿಲ್ಲ. ಮಿಷನ್ ಖಾಲಿ ತಿರುಗುತ್ತಿದೆ, ಬೀರಲಿಂಗೇಶ ಗಡಿಯಾರ ನೋಡುತ್ತಿದ್ದಾನೆ. ನನ್ನ ತಲೆ ಕಾಯ್ದು ಕೆಂಡವಾಯಿತು. ಹೋದವನೇ ತಡಿಕೆಯನ್ನು ಕಾಲಿನಿಂದ ಒದ್ದು ಪೂರಾ ತೆಗೆದುಬಿಟ್ಟೆ.

“ಒಂದೊಂದು ಮರೀಗೂ ಆರತಿ ಎತ್ತಿ ಬಿಡ್ತೀಯೇನು ಚಿಗವ್ವಾ? ಅವಕ್ಕೇನು ಮೂಗಿಲ್ಲೇನು? ತಮ್ಮ ತಾಯಿನ ತಾವು ಹುಡಿಕ್ಕೋತಾವ. ನೀ ಹೋಗಿ ಮನ್ಯಾಗ ಕುಂದ್ರು!”

ಮರಿಗಳು ಹೊಳೆಯ ಹಾಗೆ ನುಗ್ಗಿದವು. ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಒಂದೊಂದೂ ತನ್ನ ತಾಯಿಯ ಕೆಳಗೆ ಮಂಡಿಯೂರಿ ಕುಡಿಯುತ್ತಿತ್ತು. ಹೊರಗಿನವನ ಮುಂದೆ ಅಂದೆನೆಂಬ ನಾಚಿಕೆಯೂ ನನಗಾಗಲಿಲ್ಲ. “ನೋಡು!” ಎಂದೆ.

ಚಿಗವ್ವ ಮರಿಗಳನ್ನು ನೋಡಿದಳು, ನನ್ನನ್ನು ನೋಡಿದಳು. “ಆತಪ್ಪ. ಇನ್ನ ನೀನಾ ನೋಡ್ಕೋ” ಎಂದು ಕೋಲು ಊರಿಕೊಂಡು ಹೊರಟುಹೋದಳು.

ಅಂದಿನಿಂದ ಹನ್ನೊಂದು ದಿನ ಆಕೆ ರೊಪ್ಪಕ್ಕೆ ಕಾಲಿಡಲಿಲ್ಲ. ನಲ್ಲಿ ನೀರಿಗೆ ಹೋಗುವಾಗ ರೊಪ್ಪದ ಮುಂದೆಯೇ ಹೋಗಬೇಕು. ಹೋಗುತ್ತಿದ್ದಳು, ಕತ್ತು ತಿರುಗಿಸುತ್ತಿರಲಿಲ್ಲ. ನಡಿಗೆ ಮಾತ್ರ ಅಲ್ಲಿಗೆ ಬಂದಾಗ ನಿಧಾನವಾಗುತ್ತಿತ್ತು. ನಾನೂ ಮಾತಾಡಿಸಲಿಲ್ಲ. ಸಂಜೆ ತಡಿಕೆ ತೆಗೆದರೆ ಮುಗಿಯಿತು, ಮರಿಗಳು ತಮ್ಮ ಪಾಡಿಗೆ ತಾವು ಕೂಡಿಕೊಳ್ಳುತ್ತಿದ್ದವು. ನಾನು ಗೆದ್ದೆ ಎಂದುಕೊಂಡೆ.

ಗಾಳೆಮ್ಮ ದಿನಾ ಒಂದು ಸಲ ಹೇಳುತ್ತಿದ್ದಳು, “ಹೋಗಿ ಅತ್ತೀನ ಕರೀರಿ.”

“ನಾನಾ? ಹೋದಾಕಿ ತಾನಾ ಹೋಗ್ಯಾಳ, ಬರೂದೂ ತಾನಾ ಬರ್ತಾಳ.”

“ಹಂಗಾದ್ರ ಆ ಟವಲ್ಲಾರ ಕೊಡ್ರಿ, ಒಗದು ಹಾಕ್ತೀನಿ. ಗಬ್ಬು ನಾರತೈತಿ.”

“ನನ್ನ ಟವಲ್ ನಾ ಒಗಕೋತೀನಿ. ಮುಟ್ಟಬ್ಯಾಡ!”

ಟವಲ್ಲಿನ ಕಥೆ ಇಷ್ಟು. ಆ ಹನ್ನೊಂದು ದಿನಗಳಲ್ಲಿ ಮೂರು ಕುರಿ ಈದವು. ಒಂದರ ಮರಿ ಅಡ್ಡ ಬಂದು ಗಾಳೆಮ್ಮನೇ ಎಳೆದು ತೆಗೆದಳು. ಇನ್ನೆರಡು ಒಂದೇ ದಿನ ಬೆಳಗಿನ ಜಾವ ಈದಿದ್ದವು. ಎತ್ತು ಬಿಚ್ಚಲು ಹೋದ ನನಗೆ ಕಾಲಿಗೆ ಏನೋ ಹಸಿಹಸಿ ತಾಗಿತು. ಕರೆಂಟ್ ಇರಲಿಲ್ಲ. ಬಗ್ಗಿದರೆ ಈಗಷ್ಟೆ ಬಿದ್ದ ಮರಿ, ಚಳಿಗೆ ಗಡಗಡ ನಡುಗುತ್ತಿತ್ತು. ಬೈದುಕೊಳ್ಳುತ್ತಲೇ ಹೆಗಲ ಮೇಲಿನ ಕೆಂಪು ಟವಲ್ ತೆಗೆದು ಮೂಗಿನಿಂದ ಬಾಲದವರೆಗೆ ಒರೆಸಿ, ಪಕ್ಕದಲ್ಲಿ ನಿಂತಿದ್ದ ತಾಯಿಯ ಕಡೆ ನೂಕಿ, ಟವಲ್ಲನ್ನು ರೊಪ್ಪದ ಗೂಟಕ್ಕೆ ಸಿಕ್ಕಿಸಿ ಹೊಲಕ್ಕೆ ಹೋದೆ. ತಿರುಗಿ ನೋಡಿದವನಲ್ಲ. ಅವತ್ತಿನಿಂದ ಅದು ಅಲ್ಲೇ ಹಪ್ಪಳದ ಹಾಗೆ ಸೆಟೆದು ನೇತಾಡುತ್ತಿತ್ತು.

ಇತ್ತ ಕೋಳಿಗಳು ಬೆಳಗ್ಗೆ ಬಂಡೆಯ ಹಿಂದೆ ಸಾಲು ನಿಲ್ಲುವುದು, ಯಾರೂ ಬರದಿದ್ದಾಗ ನನ್ನ ಮುಖ ನೋಡುವುದು. ಮರಿಗಳ ಕಿವಿ ತುಂಬ ಉಣ್ಣಿ. ಕೆರೆದುಕೊಂಡು ಕೆರೆದುಕೊಂಡು ಕುತ್ತಿಗೆಯ ಕೂದಲೇ ಹೋಗಿತ್ತು. ಕೀಳೋಣವೆಂದು ನಾನೂ ಒಂದು ದಿನ ಬಂಡೆಯ ಮೇಲೆ ಕೂತೆ. ನಾಲ್ಕು ಕೀಳುವಷ್ಟರಲ್ಲಿ ಮರಿ ಒದ್ದು ಓಡಿತು. ಅದರ ಹಿಂದೆ ನನ್ನ ಚಪ್ಪಲಿಯೂ ಹೋಯಿತು.

ಹನ್ನೊಂದನೆಯ ದಿನ ಬೆಳಗ್ಗೆ ಹಗರಿಬೊಮ್ಮನಹಳ್ಳಿಗೆ ಹೋಗಿ ಉಣ್ಣಿ ಔಷಧಿ ತಂದೆ. ನೀರಿಗೆ ಬೆರೆಸಿ ಮೈ ತೊಳೆಯುವ ಔಷಧಿ. ಅಂಗಡಿಯವನು, “ತಾಯಿಗೂ ಮರಿಗೂ ಒಂದಾ ದಿನ ಮಾಡ್ರಿ, ತೀರಾ ಸಣ್ಣವನ್ನ ಬಿಡ್ರಿ” ಎಂದ. ನಾನು ಹೂಂ ಎಂದೆ. ಬಸ್ಸು ಹೊರಟಿತ್ತು, ಕಿವಿ ಬಸ್ಸಿನ ಕಡೆ ಇತ್ತು.

ಮಧ್ಯಾಹ್ನ ಬಿಸಿಲು ಚೆನ್ನಾಗಿತ್ತು. ತಾಯಿಗಳು ಮೇಯಲು ಹೋಗಿದ್ದವು. ಇದೇ ಸಮಯ ಎಂದು ಹಂಡೆ ತುಂಬ ಔಷಧಿ ನೀರು ಮಾಡಿ ಇಪ್ಪತ್ತಾರು ಮರಿಗಳನ್ನೂ, ನಾಲ್ಕು ದಿನದ ಹಸುಗೂಸುಗಳನ್ನೂ ಬಿಡದೆ, ಹಿಡಿಹಿಡಿದು ತೊಳೆದೆ. ಔಷಧಿಯ ಘಾಟು ಮೂಗಿಗೆ ಹೊಡೆಯುತ್ತಿತ್ತು. ಅದಕ್ಕೆ ಗಾಳೆಮ್ಮ ಮನೆಯ ಗೋಡೆಗೂಡಿನಲ್ಲಿ ಇಟ್ಟಿದ್ದ ಶಾಂಪೂ ಚೀಟಿಗಳ ಸರವನ್ನೇ ತಂದು, ಮತ್ತೊಂದು ಸಲ ನೊರೆ ಬರಿಸಿ ತೊಳೆದೆ. ಮಲ್ಲಿಗೆ ವಾಸನೆಯದು. ಬಿಸಿಲಿಗೆ ಬಿಟ್ಟರೆ ಒಂದೊಂದು ಮರಿಯೂ ಹತ್ತಿಯ ಉಂಡೆಯಂತೆ ಉಬ್ಬಿತು. ಅಬ್ಬಾ, ಎಷ್ಟು ಚೆಂದ ಕಂಡವು ಎಂದರೆ ಮೊಬೈಲಿನಲ್ಲಿ ಫೋಟೋ ಹಿಡಿದು ಹುಲುಗೇಶನಿಗೆ ಕಳಿಸಿದೆ.

ಅವನು ಕೂಡಲೇ ಫೋನ್ ಮಾಡಿದ. “ಅಣ್ಣಾ, ಇವು ಯಾರ ಮನಿ ಮರಿ?”

ಸಂಜೆ ಐದಕ್ಕೆ ಧೂಳು ಎದ್ದಿತು. ತಾಯಿಗಳು ಓಡಿಬಂದವು. ನಾನು ಎಂದಿನ ಹಾಗೆ ತಡಿಕೆ ತೆಗೆದೆ. ಮರಿಗಳು ನುಗ್ಗಿದವು, ತಾಯಿಗಳ ಹೊಟ್ಟೆಯ ಕೆಳಗೆ ಮೂತಿ ಹಾಕಿದವು. ತಾಯಿಗಳು ತಿರುಗಿ ಬಾಲದ ಬುಡ ಮೂಸಿದವು. ಅಷ್ಟೇ! ಕರಿಮೂಗಿ ತನ್ನ ಮರಿಗೆ ಗುದ್ದಿ ಕೆಡವಿತು. ಚುಕ್ಕಿ ಹಾರಿ ಆಚೆ ನಿಂತಿತು. ಮರಿ ತನ್ನದಲ್ಲ ಎಂದು ಇಪ್ಪತ್ತಾರು ತಾಯಿಗಳೂ ಇಪ್ಪತ್ತಾರು ಮರಿಗಳನ್ನೂ ಒದೆಯುತ್ತಿವೆ. ಜೊತೆಗೆ, ತಮ್ಮ ಮರಿ ಎಲ್ಲಿ ಹೋಯಿತೆಂದು ತಡಿಕೆಯ ಗೂಡಿನೊಳಗೆ ಮೂತಿ ತೂರಿ ಕೂಗುತ್ತಿವೆ! ಮರಿಗಳು ಸಿಕ್ಕಸಿಕ್ಕ ಕೆಚ್ಚಲಿಗೆ ಬಾಯಿ ಹಾಕುವುದು, ಏಟು ತಿನ್ನುವುದು, ಉರುಳುವುದು. ರೊಪ್ಪವೆಲ್ಲ ಧೂಳು, ಅರಚಾಟ, ಮಲ್ಲಿಗೆ ವಾಸನೆ.

“ಹಿಡಿಯೋ ಅದನ್ನ! ಅದರ ತಾಯಿಗೆ ಹಚ್ಚು!” ಎಂದು ನಾನು ಕೂಗಿದೆ.

“ಯಾವ್ದರ ತಾಯಿ ಯಾವ್ದಣ್ಣಾ? ಎಲ್ಲಾ ಒಂದಾ ಥರ ಕಾಣತಾವ!” ಹುಲುಗೇಶ ಎರಡು ಕಂಕುಳಲ್ಲೂ ಒಂದೊಂದು ಮರಿ ಹಿಡಿದು ಸುತ್ತುತ್ತಿದ್ದ. ಅವನಿಗೆ ತಾಯಿಗಳು ಗೊತ್ತು, ದಿನಾ ಮೇಯಿಸುವವನು. ಮರಿಗಳು ಗೊತ್ತಿಲ್ಲ. ನನಗೆ ಎರಡೂ ಗೊತ್ತಿಲ್ಲ.

ಗಾಳೆಮ್ಮ ಓಡಿಬಂದು ಮೂಗು ಅರಳಿಸಿದಳು. “ನನ್ನ ಶಾಂಪೂ!”

ಅಷ್ಟರಲ್ಲಿ ಸಿಡುಕಿ ಎಂಬ ಚೊಚ್ಚಲ ಈದ ಕುರಿ ಒಂದು ಸಣ್ಣ ಮರಿಯನ್ನು ಗೋಡೆಗೆ ಒತ್ತಿ ಗುದ್ದಿದ್ದನ್ನು ಕಂಡೆ. ನಾಲ್ಕು ದಿನದ ಮರಿ. ಬಿದ್ದದ್ದು ಏಳಲು ಎರಡು ಸಲ ಪ್ರಯತ್ನಿಸಿ, ಕಾಲು ಮಡಚಿ ಕೂತುಬಿಟ್ಟಿತು. ಬಾಯಿಗೆ ಬೆರಳಿಟ್ಟರೆ ಒಳಗೆ ತಣ್ಣಗಿತ್ತು. ದೊಡ್ಡ ಮರಿಗಳು ಒಂದು ಹೊತ್ತು ತಡೆಯುತ್ತವೆ. ಅಷ್ಟು ಚಿಕ್ಕದು, ಅದೂ ತಣ್ಣೀರು ಮಿಂದದ್ದು, ಈ ಹೊತ್ತಿನ ಹಾಲು ಕುಡಿಯದಿದ್ದರೆ ಬೆಳಗ್ಗೆ ಏಳುವುದಿಲ್ಲ.

ಬೀರಲಿಂಗೇಶ ಸದ್ದು ಕೇಳಿ ಬಂದು ಗೋಡೆಯ ಮೇಲೆ ಕೈಯೂರಿ ನಿಂತಿದ್ದ. “ಏನ್ ಉಚ್ಚಂಗೆಪ್ಪಣ್ಣ, ಅವಕ್ಕ ಮೂಗಿಲ್ಲೇನು?” ಎಂದ.

ಬೇರೆ ದಿನವಾಗಿದ್ದರೆ ಅವನಿಗೆ ಏನಾದರೂ ಎಸೆಯುತ್ತಿದ್ದೆ. ಅವತ್ತು ಎಸೆಯಲಿಲ್ಲ. ಸಣ್ಣ ಮರಿಯನ್ನು ಗಾಳೆಮ್ಮನ ಕೈಗೆ ಕೊಟ್ಟು, ಬರಿಗಾಲಲ್ಲಿ ಚಿಗವ್ವನ ಮನೆಗೆ ಓಡಿದೆ.

ಬಾಗಿಲು ಮುಚ್ಚಿತ್ತು, ಅಗುಳಿ ಹಾಕಿರಲಿಲ್ಲ. “ಚಿಗವ್ವಾ” ಎಂದೆ. ಮತ್ತೆ ಕೂಗಿದೆ. “ಚಿಗವ್ವಾ, ತಪ್ಪಾತು. ಬಾರವ್ವಾ.”

ಬಾಗಿಲು ತೆರೆಯಿತು. ಚಿಗವ್ವ ಬಾಗಿಲ ಹಿಂದೆಯೇ ನಿಂತಿದ್ದಳು. ಸೆರಗು ಸೊಂಟಕ್ಕೆ ಕಟ್ಟಿ ಆಗಿತ್ತು. ಕೈಯಲ್ಲಿ ಕೋಲು. ಇನ್ನೊಂದು ಕೈಯಲ್ಲಿ ಉಪ್ಪಿನ ಬಟ್ಟಲು.

“ಕೋಲು ಹಿಡಕೊಂಡು ಅರ್ಧ ತಾಸಿಂದ ನಿಂತೀನಿ. ನಿನ್ನ ಬಾಯಿಗೆ ಕಾದಿದ್ನೆಪ್ಪ. ಏನ್ ಮಾಡೀದಿ?”

“ತೊಳದೆ.”

“ಏನ್ನ?”

“ಮರಿ. ಎಲ್ಲಾನೂ. ಶಾಂಪೂ ಹಾಕಿ.”

ಚಿಗವ್ವ ಒಂದು ಗಳಿಗೆ ನನ್ನ ಮುಖ ನೋಡಿದಳು. ನಗುತ್ತಾಳೋ ಹೊಡೆಯುತ್ತಾಳೋ ಗೊತ್ತಾಗಲಿಲ್ಲ. “ತಾಯಿ ಗುರುತು ಹಿಡಿಯೂದು ವಾಸನಿ ಮ್ಯಾಲಲ್ಲೇನೋ ಮೂಳಾ” ಎಂದು ನನ್ನನ್ನು ಪಕ್ಕಕ್ಕೆ ತಳ್ಳಿ ಹೊರಟಳು. ಆ ಉದ್ದ ಕಾಲಿನ ಹಿಂದೆ ನಾನು ಓಡಬೇಕಾಯಿತು.

ರೊಪ್ಪಕ್ಕೆ ಬಂದವಳು ಮೊದಲು ಮಾಡಿದ ಕೆಲಸ ನಮ್ಮೆಲ್ಲರ ಬಾಯಿ ಮುಚ್ಚಿಸಿದ್ದು. ಎರಡನೆಯದು, ಮರಿಗಳನ್ನೆಲ್ಲ ತಿರುಗಿ ಗೂಡಿಗೆ ಹಾಕಿಸಿ ತಡಿಕೆ ಮುಚ್ಚಿಸಿದ್ದು. ಹೊತ್ತು ಮುಳುಗುತ್ತಿತ್ತು. ಹುಲುಗೇಶ ಬಲ್ಬಿನ ವೈರು ಎಳೆದು ಗೂಟಕ್ಕೆ ಕಟ್ಟಿದ. ಚಿಗವ್ವ ತಡಿಕೆಯನ್ನು ಒಂದು ಗೇಣು ಸರಿಸಿ, ತನ್ನ ಜಾಗದಲ್ಲಿ ನಿಂತಳು.

“ಒಂದು ಕೊಡು.”

ನಾನು ಒಂದು ಮರಿ ಎತ್ತಿಕೊಟ್ಟೆ. ಬೆಳಕಿಗೆ ಹಿಡಿದು ಕಿವಿ ಮಡಚಿ ನೋಡಿದಳು. “ಕರಿಮೂಗೀದು. ಕಿವಿ ತುದಿ ಹರದೈತಿ, ತಾಯಿ ನೆಕ್ಕಾಗ ಹಲ್ಲು ತಾಗಿಸಿದ್ಲು. ಹುಲುಗಾ, ಕರಿಮೂಗಿ ಹಿಡಿ!”

ಹುಲುಗೇಶ ಕರಿಮೂಗಿಯನ್ನು ಎಳೆದುತಂದ. ಚಿಗವ್ವ ಅದರ ಕೆಚ್ಚಲಿನಿಂದ ಅಂಗೈಗೆ ಹಾಲು ಹಿಂಡಿ, ಮರಿಯ ತಲೆಗೆ, ಬೆನ್ನಿಗೆ, ಬಾಲದ ಬುಡಕ್ಕೆ ಸವರಿದಳು. ಮೇಲೆ ಚಿಟಿಕೆ ಉಪ್ಪು. ಕರಿಮೂಗಿ ಮೂಸಿತು, ಮುಖ ತಿರುಗಿಸಿತು, ಮತ್ತೆ ಮೂಸಿತು. ನಾಲಿಗೆ ಚಾಚಿ ಉಪ್ಪು ನೆಕ್ಕಿತು. ನೆಕ್ಕಿದ ಮೇಲೆ ತನ್ನ ಹಾಲಿನ ವಾಸನೆ ಸಿಕ್ಕಿರಬೇಕು, ಗಂಟಲೊಳಗೆ ಗುರುಗುರು ಎಂದಿತು. ಮರಿ ಮಂಡಿಯೂರಿತು. ಬಾಲ ಕುಣಿಯಿತು!

“ಹೋ!” ಎಂದು ಬೀರಲಿಂಗೇಶ ಗೋಡೆ ಹಾರಿ ಒಳಗೇ ಬಂದ. “ಅಮ್ಮಾ, ನಾನೂ ಹಿಡೀಲೇನು?”

“ಚಪ್ಪಲಿ ಬಿಟ್ಟು ಹಿಡಿ.”

ಅಲ್ಲಿಂದ ಮುಂದೆ ನಮಗೆ ಉಸಿರಾಡಲು ಪುರುಸೊತ್ತಿಲ್ಲ. ನಾನು ಮರಿ ಕೊಡುವುದು, ಚಿಗವ್ವ ಹೆಸರು ಹೇಳುವುದು, ಇವರಿಬ್ಬರು ತಾಯಿಯನ್ನು ಹಿಡಿಯುವುದು, ಗಾಳೆಮ್ಮ ಉಪ್ಪು ಉದುರಿಸುವುದು. “ಇದು ಚುಕ್ಕೀದು, ಹಣಿ ಮ್ಯಾಲೆ ಸುಳಿ ಎರಡದಾವ.” “ಇದು ಮುರುಕಿವೀದು, ಅವ್ವನಂಗ ಕುಂಡಿ ತಿರುವ್ಯಾಡ್ತೈತಿ ನೋಡ್ರಿ.” “ಇದನ್ನ ಕೆಳಗ ಬಿಡು, ನಡದು ತೋರಸ್ಲಿ... ಹಾಂ, ಗೆಣಸೀದು.” ಒಂದು ಕುರಿ ನನ್ನ ಮೊಣಕಾಲಿಗೆ ಗುದ್ದಿತು. ಇನ್ನೊಂದು ಬೀರಲಿಂಗೇಶನನ್ನು ಸಗಣಿಯ ಮೇಲೆ ಕೂರಿಸಿತು. “ಮಿಷನ್ ಅಲ್ಲಪ್ಪಾ, ಕುರಿ” ಎಂದಳು ಗಾಳೆಮ್ಮ. ಎಲ್ಲರೂ ನಕ್ಕೆವು. ಹತ್ತಾದವು, ಹದಿನೈದಾದವು, ಇಪ್ಪತ್ತಾದವು. ಒಂದೊಂದು ಕೂಡಿದ ಹಾಗೆ ರೊಪ್ಪದ ಅರಚಾಟ ಒಂದೊಂದು ಎಳೆ ಕಡಿಮೆಯಾಗುತ್ತ ಬಂತು. ಇಪ್ಪತ್ಮೂರಾದ ಮೇಲೆ ನಾನು ಮುಂದಿನದನ್ನು ಕೊಟ್ಟೆ.

ಚಿಗವ್ವ ಬೆಳಕಿಗೆ ಹಿಡಿದಳು. ತಿರುಗಿಸಿದಳು.

“ಇದನ್ನ ನಾ ನೋಡಿಲ್ಲ.”

ಆಗ ನನಗೆ ಹೊಳೆಯಿತು. ಉಳಿದ ಮೂರೂ ಆಕೆ ಬಿಟ್ಟುಹೋದ ಮೇಲೆ ಹುಟ್ಟಿದವು. ಗಾಳೆಮ್ಮ ಮುಂದೆ ಬಂದು, “ಇದು ನಾ ತಗದದ್ದು ಅತ್ತಿ, ಬಾಸಿಂಗೀದು” ಎಂದು ಒಂದನ್ನು ಹೇಳಿದಳು. ಅದೂ ಕೂಡಿತು. ಉಳಿದದ್ದು ಎರಡು ಮರಿ, ಎರಡು ತಾಯಿ. ಮರಿಗಳೆರಡೂ ಬಿಳಿ ಮೈ, ಕರಿ ತಲೆ, ಒಂದೇ ಅಚ್ಚು. ಅದರಲ್ಲಿ ಒಂದು ಆಗಲೇ ಸಿಡುಕಿಯಿಂದ ಏಟು ತಿಂದದ್ದು, ಈಗ ಕತ್ತು ಎತ್ತಲಾರದೆ ಗಾಳೆಮ್ಮನ ಸೆರಗಿನೊಳಗೆ ಮಲಗಿತ್ತು. ತಾಯಿಗಳು ಗೌರಿ ಮತ್ತು ಸಿಡುಕಿ.

“ಗೌರಿ ಪಾಪದಾಕಿ, ಹಾಲು ಉಪ್ಪು ಸವರಿ ಯಾವ್ದು ಕೊಟ್ರೂ ನೆಕ್ಕತಾಳ” ಎಂದಳು ಚಿಗವ್ವ. “ಸಿಡುಕಿ ಹಂಗಲ್ಲ. ತನ್ನದಲ್ಲದ್ದು ಕೊಟ್ಟರ ತುಳದು ಕೊಲ್ಲತಾಳ. ತನ್ನದಾ ಕೊಟ್ಟರೂ ಹಾಲು ಉಪ್ಪಿಗೆ ಬಗ್ಗೂದಿಲ್ಲ. ಯಾವ್ದು ಆಕೀದು, ಹೇಳು.”

“ನನಗೇನ್ ಗೊತ್ತು!”

“ಮರಿ ಬಿದ್ದಾಗ ಯಾರಿದ್ರು?”

“ನಾನಾ. ಕರೆಂಟ್ ಇರಲಿಲ್ಲ. ಒಂದನ್ನ ಒರೆಸಿದೆ, ನೂಕಿದೆ. ತಾಯಿ ಮುಖ ನೋಡಲಿಲ್ಲ, ಮರಿ ಮುಖಾನೂ ನೋಡಲಿಲ್ಲ.” ಹೇಳುವಾಗ ನನ್ನ ಮೇಲೆ ನನಗೇ ಸಿಟ್ಟು ಬಂದು ಗೂಟಕ್ಕೆ ಗುದ್ದಿದೆ.

“ಗೂಟಕ್ಕ ಯಾಕ ಹೊಡೀತಿ? ಕುಂದ್ರು ಇಲ್ಲೆ.” ಬಂಡೆ ತೋರಿಸಿದಳು. ಕೂತೆ. “ಕಣ್ಣು ಮುಚ್ಚು. ಅವತ್ತೂ ನೀ ನೋಡಿಲ್ಲ, ಕೈ ಆಡಿಸೀದಿ. ಈಗೂ ಕೈಲೇ ನೋಡು. ಮೂಗಿಂದ ಬಾಲದ ತನಕ.”

ಕಣ್ಣು ಮುಚ್ಚಿದೆ. ಒಂದು ಮರಿ ಮಡಿಲಿಗೆ ಬಂತು. ತಲೆ, ಕುತ್ತಿಗೆ, ಬೆನ್ನು, ಬಾಲ. ಏನೂ ಅನ್ನಿಸಲಿಲ್ಲ. ಅದನ್ನು ತೆಗೆದು ಇನ್ನೊಂದು ಇಟ್ಟರು. ಇದು ಹಗುರ, ಮೆತ್ತಗೆ ಬಿದ್ದುಕೊಂಡಿತ್ತು. ತಲೆ, ಕುತ್ತಿಗೆ, ಬೆನ್ನು... ಬಾಲದ ತುದಿಗೆ ಬಂದಾಗ ಬೆರಳಿಗೆ ಒಂದು ಗಂಟು ಸಿಕ್ಕಿತು. ಮುರಿದು ಕೂಡಿದ ಹಾಗೆ ಸೊಟ್ಟ. ಅವತ್ತು ಟವಲ್ ಅಲ್ಲಿಯೇ ಸಿಕ್ಕಿಕೊಂಡಿತ್ತು! ‘ಇದೊಂದು ಬೇರೆ’ ಎಂದು ಬೈದಿದ್ದೆ!

“ಇದಾ!” ಎಂದು ಕೂಗಿ ಎದ್ದೆ. “ಒರೆಸಿದ್ದು ಇದನ್ನಾ ಚಿಗವ್ವಾ!”

“ಯಾತರಾಗ ಒರೆಸಿದಿ?”

“ಟವಲ್ಲಿನಾಗ.”

“ಆ ಟವಲ್ ಎಲ್ಲೈತಿ? ಒಗದೀರೇನು?”

ನಾನೂ ಗಾಳೆಮ್ಮನೂ ಒಬ್ಬರ ಮುಖ ಒಬ್ಬರು ನೋಡಿದೆವು. ಇಬ್ಬರೂ ಒಟ್ಟಿಗೆ ಗೂಟದ ಕಡೆ ತಿರುಗಿದೆವು. ಬಲ್ಬಿನ ಕೆಳಗೇ ನೇತಾಡುತ್ತಿತ್ತು.

“ಒಗಿಯಾಕ ಕೊಡ್ಲಿಲ್ಲ ಅತ್ತಿ” ಎಂದಳು ಗಾಳೆಮ್ಮ. ನಾಲ್ಕು ದಿನ ಬೈದ ಬಾಯಿಂದಲೇ.

ಚಿಗವ್ವ ಟವಲ್ ತೆಗೆದು ನೀರು ಚಿಮುಕಿಸಿ ಮೆತ್ತಗೆ ಮಾಡಿದಳು. ಮರಿಯನ್ನು ಕೊಡಲಿಲ್ಲ. ಮೊದಲು ಬರೀ ಟವಲ್ಲನ್ನು ಸಿಡುಕಿಯ ಮೂಗಿಗೆ ಹಿಡಿದಳು. ಹುಲುಗೇಶ, ಬೀರಲಿಂಗೇಶ ಇಬ್ಬರೂ ಕುರಿಯನ್ನು ಅವುಚಿ ಹಿಡಿದಿದ್ದರು. ಅದು ಗುದ್ದಿದರೆ ನಾನು ಒರೆಸಿದ ಮರಿ ಗೌರಿಯದು ಎಂದು ಅರ್ಥ.

ಸಿಡುಕಿ ಮೂಸಿತು. ಕಿವಿ ನಿಮಿರಿತು. ಮತ್ತೆ ಮೂಸಿತು. ಟವಲ್ಲಿನ ಮಡಿಕೆಯೊಳಗೆ ಮೂತಿ ಪೂರಾ ಇಟ್ಟು, ಸಣ್ಣ ದನಿಯಲ್ಲಿ, ನಾನು ಆ ಕುರಿಯ ಬಾಯಿಂದ ಎಂದೂ ಕೇಳದ ದನಿಯಲ್ಲಿ, ಗುರುಗುರು ಎಂದು ಕರೆಯಿತು.

“ಕೈ ಬಿಡ್ರಿ” ಎಂದಳು ಚಿಗವ್ವ ಮೆಲ್ಲಗೆ.

ಮರಿಗೆ ಟವಲ್ ಹೊದಿಸಿ ಕೆಳಗಿಟ್ಟಳು. ಅದು ನಿಲ್ಲಲಿಲ್ಲ. ನಾನು ಮಂಡಿಯೂರಿ ಹೊಟ್ಟೆಯ ಕೆಳಗೆ ಕೈಕೊಟ್ಟು ಎತ್ತಿ ಹಿಡಿದೆ. ಚಿಗವ್ವ ಮೊಲೆ ಹಿಂಡಿ ಬಾಯಿಗೆ ನಾಲ್ಕು ಹನಿ ಬಿಟ್ಟಳು. ನುಂಗಿತು. ಮತ್ತೆ ನುಂಗಿತು. ಆಮೇಲೆ ತಾನೇ ಮೊಲೆ ಹಿಡಿಯಿತು. ಸಿಡುಕಿ ಟವಲ್ ಮೂಸುತ್ತ ಮೂಸುತ್ತ ಅದರ ಅಂಚಿನಿಂದ ಹೊರಗಿದ್ದ ಬಾಲದ ಬುಡಕ್ಕೆ ನಾಲಿಗೆ ಹಚ್ಚಿತು. ಆ ಸೊಟ್ಟ ಬಾಲ ಒಂದು ಸಲ ಅಲುಗಿತು. ಎರಡು ಸಲ ಅಲುಗಿತು. ನೋಡುನೋಡುತ್ತ ಗಾಳಿಗೆ ಸಿಕ್ಕ ಗಿರಿಗಿಟ್ಟಲೆಯ ಹಾಗೆ ತಿರುಗತೊಡಗಿತು!

“ಕುಡೀತು! ಕುಡೀತಲೇ!” ಬೀರಲಿಂಗೇಶ ನನ್ನ ಬೆನ್ನಿಗೆ ಗುದ್ದಿದ. ನಾನು ಅವನಿಗೆ ತಿರುಗಿ ಗುದ್ದಿದೆ. ಸಿಟ್ಟಿನಿಂದಲ್ಲ. ಗೌರಿ ಅಷ್ಟರಲ್ಲಿ ಯಾರೂ ಹಿಡಿಯದೆಯೇ, ಗಾಳೆಮ್ಮ ಉದುರಿಸಿದ್ದ ಉಪ್ಪು ನೆಕ್ಕಿ ಇನ್ನೊಂದು ಮರಿಗೆ ಹಾಲು ಬಿಟ್ಟಾಗಿತ್ತು.

ರೊಪ್ಪ ತಣ್ಣಗಾಯಿತು. ಇಪ್ಪತ್ತಾರು ಬಾಯಿಗಳು ಚಪಚಪ ಎನ್ನುವ ಸದ್ದು ಮಾತ್ರ. ಚಿಗವ್ವ ಬಂಡೆಯ ಮೇಲೆ ಕೂತು ಕಾಲು ನೀಡಿದಳು. ಗಾಳೆಮ್ಮ ಚಹಾ ತಂದುಕೊಟ್ಟಳು. ಒಂದು ಗುಟುಕು ಕುಡಿದು ಚಿಗವ್ವ ನನ್ನ ಕಡೆ ನೋಡಿದಳು.

“ಮಲ್ಲಿಗಿ ಅಲ್ಲೇನು? ವಾಸನಿ ಚಲೋ ಐತಿ. ನನ್ನ ತಲಿಗೂ ಒಂದು ಚೀಟಿ ಕೊಡಸು.”

ಮರುದಿನ ಬೆಳಗ್ಗೆ ಐದೂವರೆಗೆ ಆಕೆ ಬಂಡೆಯ ಮೇಲಿದ್ದಳು. ಆರು ಕೋಳಿಗಳು ಹಿಂದೆ ಸಾಲು ನಿಂತಿದ್ದವು. ಔಷಧಿಯ ಪುಣ್ಯ, ಮರಿಗಳ ಮೇಲೆ ಒಂದು ಉಣ್ಣಿಯೂ ಇರಲಿಲ್ಲ. ಕೋಳಿಗಳು ಮತ್ತೆ ನನ್ನ ಮುಖವನ್ನೇ ನೋಡಿದವು.

ಈಗ ಸಂಜೆ ಐದಕ್ಕೆ ಚಿಗವ್ವನ ಪಕ್ಕ ಕಂಬದ ಹಾಗೆ ನಿಲ್ಲುವವನು ನಾನು. ಹುಲುಗೇಶ ಆ ಹೊತ್ತಿಗೆ ಎತ್ತುಗಳಿಗೆ ನೀರು ಕುಡಿಸುತ್ತಾನೆ. ತಡಿಕೆ ಒಂದು ಗೇಣು ತೆರೆಯುತ್ತದೆ, ಒಂದು ಮರಿ ನನ್ನ ಕೈಗೆ ಬರುತ್ತದೆ. “ಯಾರದು?” ಎನ್ನುತ್ತಾಳೆ. ತಪ್ಪು ಹೇಳಿದರೆ ಕೋಲಿನ ತುದಿ ಕಾಲಿಗೆ ತಾಗುತ್ತದೆ. ಮೊದಲ ವಾರ ಕಾಲೇ ಊದಿತ್ತು. ನಿನ್ನೆ ಇಪ್ಪತ್ತಾರರಲ್ಲಿ ಹತ್ತೊಂಬತ್ತು ಸರಿ ಹೇಳಿದೆ. ಕೊನೆಯ ಮರಿಗೆ ಕೈ ಹಾಕುವಾಗ ಸಿಡುಕಿ ತಾನೇ ಮುಂದೆ ಬಂದು ನನ್ನ ಹೆಗಲ ಟವಲ್ಲಿಗೆ ಬಾಯಿ ಹಾಕಿ ಜಗ್ಗಿತು.

“ಬಿಡೇ, ಒಗದದ್ದೈತಿ!” ಎಂದು ನಾನು ಕೂಗಿದೆ.

“ಕೂಗಬ್ಯಾಡ” ಎಂದಳು ಚಿಗವ್ವ. “ಮರಿ ಬಿಡು.”

ಬಾಲದ ತುದಿಯ ಗಂಟನ್ನು ಬೆರಳಲ್ಲಿ ಮುಟ್ಟಿ ನೋಡಿ, ಬಿಟ್ಟೆ.